ಬಂದವರು ಮನೆಯವರಾಗುವ ಬಗೆ



ಮನುಷ್ಯನು ಹೊಸದೊಂದು ಊರನ್ನು ಸೇರುವದು ಒಂದು ದಿನದ ಕೆಲಸ. ಗಾಡಿಯಿಂದ ಸಾಮಾನು ಇಳಿಸಿ, ಒಲೆ ಹೊತ್ತಿಸಿ, ರಾತ್ರಿ ಬಾಗಿಲಿಗೆ ಅಗಳಿ ಹಾಕಿದರೆ ವಾಸವು ಆರಂಭವಾಯಿತು. ಆದರೆ ಆ ಊರಿನವನಾಗುವದು ಎಷ್ಟು ದಿನದ ಕೆಲಸ? ಅದಕ್ಕೆ ಬೇಕಾದ ಸಾಧನೆ ಯಾವದು? ಆ ಸಾಧನೆಯು ಬಂದವನದೋ, ಮೊದಲಿನಿಂದ ಇದ್ದವರದೋ? ಮೇಲ್ನೋಟಕ್ಕೆ ಇವು ಬರಿಯ ಲೌಕಿಕ ಪ್ರಶ್ನೆಗಳೆಂದು ತೋರಿದರೂ, ವಿಚಾರಿಸಿದಷ್ಟೂ ಶರಣಧರ್ಮದ ಒಳಮರ್ಮವನ್ನು ಮುಟ್ಟುತ್ತವೆ. ಕಳೆದ ವರ್ಷದ ಶ್ರಾವಣಮಾಸದಲ್ಲಿ ನನಗೆ ಬಂದ ಪತ್ರವೊಂದು ಈ ವಿಚಾರಕ್ಕೆ ನನ್ನನ್ನು ಹಚ್ಚಿತು.

ಪತ್ರವನ್ನು ಬರೆದವನು ನಮ್ಮ ಶಾಲೆಯಲ್ಲಿಯೇ ಓದಿ, ಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದವನು. ಶಿಕ್ಷಕ ತರಬೇತಿಯನ್ನು ಮುಗಿಸಿದ ಮೇಲೆ ಖಾನಾಪುರ ತಾಲ್ಲೂಕಿನ ಪಡುವಣ ಕಾಡಿನೊಳಗಿರುವ ಒಂದು ಸಣ್ಣ ಊರಿನ ಮರಾಠಿ ಮಾಧ್ಯಮದ ಪ್ರಾಥಮಿಕ ಶಾಲೆಗೆ ಕನ್ನಡ ಕಲಿಸುವ ಮಾಸ್ತರನಾಗಿ ನೇಮಕಗೊಂಡನು. ಖಾನಾಪುರದಲ್ಲಿ ಮನೆ ಮಾಡಿ ದಿನವೂ ಹೋಗಿಬರೋಣವೆಂದರೆ ಮಳೆಗಾಲದಲ್ಲಿ ಹಳ್ಳಗಳು ದಾರಿ ಕೊಡುವದಿಲ್ಲ. ಆದುದರಿಂದ ಮದುವೆಯಾಗಿ ವರ್ಷ ತುಂಬುವದರೊಳಗೆ ಪತ್ನಿಯನ್ನು ಕರೆದುಕೊಂಡು ಆ ಊರಿನಲ್ಲಿಯೇ ನೆಲೆಸಲು ಹೋದನು. ಆಕೆ ಬೆಳಗಾವಿ ಪಟ್ಟಣದಲ್ಲಿ ಹುಟ್ಟಿ ಬೆಳೆದು ಪದವಿ ಪಡೆದವಳು. ಊರಿನ ಹೆಸರನ್ನು ನಾನಿಲ್ಲಿ ಹೇಳುವದಿಲ್ಲ. ವಿಚಾರಕ್ಕೆ ಅದು ಬೇಕಾಗಿಲ್ಲ.

ಆದರೆ ಆ ಸೀಮೆಯ ಸ್ವರೂಪವನ್ನು ಮಾತ್ರ ಹೇಳಬೇಕು. ಬೆಳಗಾವಿಯಿಂದ ಖಾನಾಪುರ ಪಟ್ಟಣವು ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ, ಮಲಪ್ರಭೆಯ ದಂಡೆಯ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಜಾಂಬೋಟಿಯನ್ನು ದಾಟಿದರೆ ನಾಡು ಮುಗಿದು ಕಾಡು ಮೊದಲಾಗುತ್ತದೆ. ಕಣಕುಂಬಿಯಲ್ಲಿ ಮಲಪ್ರಭೆಯ ಉಗಮವಿದೆ. ದೇಗಾಂವದ ಕಡೆಯಲ್ಲಿ ಮಹದಾಯಿಯ ಉಗಮ. ಒಂದೇ ಕಾಡಿನ ನೀರು ಎರಡು ದಿಕ್ಕು ಹಿಡಿದು, ಒಂದು ಗೋವೆಯ ಕಡಲಿಗೆ ಇಳಿಯುತ್ತದೆ, ಇನ್ನೊಂದು ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. 2011ರಲ್ಲಿ ಈ ಅರಣ್ಯದ ಸುಮಾರು 190 ಚದರ ಕಿಲೋಮೀಟರು ಭಾಗವನ್ನು ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಗವಾಳಿ, ಕೊಂಗಳಾ, ಪಾಸ್ತೋಳಿ, ಕೃಷ್ಣಾಪುರ, ತಳೇವಾಡಿ, ಆಮಗಾಂವ, ದೇಗಾಂವ ಮೊದಲಾದ ಹಳ್ಳಿಗಳು ಈ ಕಾಡಿನ ಒಡಲಲ್ಲಿಯೇ ಇದ್ದವು. ಬೆಳಗಾವಿಯಲ್ಲಿ ವರ್ಷಕ್ಕೆ ಬೀಳುವ ಮಳೆ 1300 ಮಿಲಿಮೀಟರಿನ ಆಜೂಬಾಜು. ಆಮಗಾಂವದಲ್ಲಿ ಅದು ಕೆಲವು ವರ್ಷ 5000 ಮಿಲಿಮೀಟರನ್ನೂ ಮೀರಿದ್ದುಂಟು. ಮಳೆಗಾಲದಲ್ಲಿ ಕಟ್ಟಿಗೆಯ ಸಂಕವೇ ಸೇತುವೆ, ಕಂಬಳಿಯ ಡೋಲಿಯೇ ಆಸ್ಪತ್ರೆಯ ಗಾಡಿ. ಅಲ್ಲಿಯ ಜನರ ಮಾತು ಕೊಂಕಣಿ ಬೆರೆತ ಮರಾಠಿ. ಬೆಳೆ ಭತ್ತ ಮತ್ತು ರಾಗಿ.

ದಂಪತಿಗಳು ಹೋದ ಮೊದಲನೆಯ ವಾರದಲ್ಲಿ ನಡೆದ ಸಂಗತಿ ಹೀಗಿದೆ. ಒಂದು ಸಂಜೆ ನೆರೆಮನೆಯ ಮುದುಕಿಯು ತಟ್ಟೆಯೊಂದಕ್ಕೆ ಎಲೆ ಮುಚ್ಚಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಮಳೆಗಾಲಕ್ಕೆಂದು ಒಣಗಿಸಿಟ್ಟಿದ್ದ ಮೀನನ್ನು ಹುರಿದು ತಂದಿದ್ದಳು. ಹೊಸದಾಗಿ ಬಂದವರಿಗೆ ತಮ್ಮಲ್ಲಿ ಇದ್ದುದರಲ್ಲಿ ಒಳ್ಳೆಯದನ್ನು ಕೊಡಬೇಕೆಂಬದೇ ಅವಳ ಭಾವ. ಲಿಂಗವನ್ನು ಧರಿಸಿದ ಈ ಹುಡುಗಿ ಬೆಚ್ಚಿಬಿದ್ದು, "ಬೇಡ, ಬೇಡ" ಎಂದು ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲು ಮುಚ್ಚಿದಳು. ಮುದುಕಿ ತಿರುಗಿ ಹೋದಳು. ಆಮೇಲೆ ಒಂದು ತಿಂಗಳು ಆ ಮನೆಯ ಹೊಸ್ತಿಲಿಗೆ ಯಾರೂ ಬರಲಿಲ್ಲ. ಬಾವಿಯ ಬಳಿ ಮಾತು ನಿಂತಿತು. ಶಾಲೆಯಲ್ಲಿ ಮಕ್ಕಳು ಮಾತ್ರ ಮಾಸ್ತರನೊಡನೆ ನಕ್ಕವು.

ಜುಲೈ ತಿಂಗಳಲ್ಲಿ ಮಾಸ್ತರನಿಗೆ ಜ್ವರ ಬಂದಿತು. ಮೂರನೆಯ ರಾತ್ರಿ ಎಚ್ಚರ ತಪ್ಪುವಷ್ಟಾಯಿತು. ಹೊರಗೆ ಸುರಿಮಳೆ, ದೂರವಾಣಿಗೆ ಸಂಕೇತವಿಲ್ಲ. ಆಕೆ ದೀಪ ಹಿಡಿದು ಯಾರ ಬಾಗಿಲನ್ನು ತಟ್ಟಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತಿದ್ದಾಗ ತಾನಾಗಿಯೇ ಎದ್ದು ಬಂದವಳು ಅದೇ ಮುದುಕಿ. ಗಳಿಗೆಯೊಳಗೆ ನಾಲ್ವರು ಗಂಡಸರು ಕಂಬಳಿಕೊಪ್ಪೆ ಹೊದ್ದು ಬಂದರು. ಬಿದಿರ ಗಳಕ್ಕೆ ಕಂಬಳಿ ಕಟ್ಟಿ, ಅದರಲ್ಲಿ ಅವನನ್ನು ಮಲಗಿಸಿ, ಜಿಗಣೆಗಳ ದಾರಿಯಲ್ಲಿ ಎರಡು ಹಳ್ಳ ದಾಟಿಸಿ ಡಾಂಬರು ರಸ್ತೆಗೆ ಮುಟ್ಟಿಸಿದರು. ಮಾಸ್ತರನು ಬದುಕಿಕೊಂಡನು. ಗುಣವಾಗಿ ಮರಳಿದ ಮೇಲೆ ಆ ನಾಲ್ವರನ್ನೂ ಕರೆದು ಒಬ್ಬೊಬ್ಬರ ಕೈಗೆ ಐದುನೂರು ರೂಪಾಯಿ ಕೊಡಹೋದನು. ಅವರು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳದಿದ್ದುದಷ್ಟೇ ಅಲ್ಲ, ಅವರ ಮುಖ ಬಾಡಿತು.

"ಗುರುಗಳೇ, ಅವರು ಕೊಟ್ಟುದನ್ನು ನಾವು ತೆಗೆದುಕೊಳ್ಳಲಿಲ್ಲ, ನಾವು ಕೊಟ್ಟುದನ್ನು ಅವರು ತೆಗೆದುಕೊಳ್ಳಲಿಲ್ಲ. ಈ ಋಣವನ್ನು ತೀರಿಸುವದು ಹೇಗೆ? ಮುಂದೆ ಅವಕಾಶ ಬಂದಾಗ ವರ್ಗಾವಣೆ ಬೇಡಿ ಹೊರಟುಬರುವದು ತಪ್ಪೇ? ನಾವು ಇಲ್ಲಿ ಎಷ್ಟು ವರ್ಷವಿದ್ದರೂ ಬಂದವರೇ ಅಲ್ಲವೇ?" ಎಂದು ಪತ್ರವು ಮುಗಿದಿತ್ತು.

ಈ ಪತ್ರಕ್ಕೆ ಒಂದು ವಾರ ನಾನು ಉತ್ತರ ಬರೆಯಲಿಲ್ಲ. ಬರೆಯುವ ಅಧಿಕಾರ ನನಗಿದೆಯೇ ಎಂಬ ಸಂಕೋಚವೇ ಕಾರಣ. ಇಪ್ಪತ್ತಾರನೆಯ ವಯಸ್ಸಿನಲ್ಲಿ ನನ್ನನ್ನೂ ಹಿರಿಯರು ಇಂಥದೇ ಒಂದು ಕಾಡಂಚಿನ ಶಾಲೆಗೆ ಕಳಿಸಿದ್ದರು. ಒಂದೇ ಮಳೆಗಾಲ ಕಳೆದು ನಾನು ತಿರುಗಿ ಬಂದೆನು. ತಾಳೆಯೋಲೆಗಳಿಗೂ ಪುಸ್ತಕಗಳಿಗೂ ಆ ಹವೆ ಆಗದು, ಶಾಸ್ತ್ರಾಭ್ಯಾಸಕ್ಕೆ ಭಂಗವಾಗುತ್ತದೆ ಎಂದು ಹೇಳಿಕೊಂಡೆನು. ನಿಜವಾಗಿ ಆದ ಭಂಗವು ಶಾಸ್ತ್ರಕ್ಕಲ್ಲ. ಆ ಊರಿನಲ್ಲಿ ನನ್ನನ್ನು ಪಂಡಿತನೆಂದು ಯಾರೂ ಗುರುತಿಸಲಿಲ್ಲ; ಗುರುತಿಸದ ಕಡೆ ಇರಲಾರದೆ ಓಡಿಬಂದೆನು. ಮೂರು ದಶಕಗಳಷ್ಟು ಹಿಂದಿನ ಆ ಮಳೆಗಾಲವು ಈ ಪತ್ರವನ್ನು ಓದುವಾಗ ನನ್ನೆದುರು ಬಂದು ನಿಂತಿತು. ಆದುದರಿಂದ ಮುಂದೆ ಹೇಳುವದನ್ನು ಆ ದಂಪತಿಗಳಿಗಿಂತ ಮೊದಲು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಮೊದಲು ಒಂದು ಪೂರ್ವಪಕ್ಷವನ್ನು ಎತ್ತಿಕೊಳ್ಳೋಣ. ಲಿಂಗಾಂಗಿಗೆ ಪರದೇಶವೆಂಬದು ಎಲ್ಲಿದೆ? ಇಷ್ಟಲಿಂಗವು ಕರಸ್ಥಲದಲ್ಲಿದ್ದ ಮೇಲೆ ಗುಡಿಯೂ ಬೇಡ, ಕ್ಷೇತ್ರವೂ ಬೇಡ; ಕಾಡಾದರೇನು, ಪಟ್ಟಣವಾದರೇನು? ಊರಿನವರು ನಮ್ಮನ್ನು ತಮ್ಮವರೆನ್ನಲಿ, ಬಿಡಲಿ, ಭಕ್ತನಿಗೆ ಅದರಿಂದ ಬಂದುದೇನು? ಈ ವಾದದಲ್ಲಿ ಅರ್ಧ ಸತ್ಯವಿದೆ. ಅದನ್ನು ಪರೀಕ್ಷಿಸಲು ನಮ್ಮ ಕಾಡಿಗಿಂತಲೂ ನೂರ್ಮಡಿ ನಿರ್ಜನವಾದ ಒಂದು ನೆಲವನ್ನು ನೋಡೋಣ.

ಬೆಳಗಾವಿಯಿಂದ ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಘಟ್ಟ ಇಳಿಯುವ ರೈಲು ವಾಸ್ಕೋದಲ್ಲಿ ನಿಲ್ಲುತ್ತದೆ. ಆ ವಾಸ್ಕೋದಲ್ಲಿ ಧ್ರುವಪ್ರದೇಶಗಳನ್ನೂ ಸಾಗರವನ್ನೂ ಕುರಿತು ಸಂಶೋಧನೆ ನಡೆಸುವ ರಾಷ್ಟ್ರೀಯ ಕೇಂದ್ರವಿದೆ. ಉತ್ತರಧ್ರುವದಿಂದ ಸುಮಾರು 1200 ಕಿಲೋಮೀಟರು ದೂರದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2008ರಲ್ಲಿ ಭಾರತವು ತೆರೆದ 'ಹಿಮಾದ್ರಿ' ಎಂಬ ಸಂಶೋಧನಾಲಯವನ್ನು ನಡೆಸುವವರು ಇವರೇ. 2023ರ ಡಿಸೆಂಬರದಿಂದ ನಮ್ಮ ವಿಜ್ಞಾನಿಗಳು ಚಳಿಗಾಲದಲ್ಲಿಯೂ ಅಲ್ಲಿ ಉಳಿಯತೊಡಗಿದರು. ಅದೇ ದ್ವೀಪಗಳಲ್ಲಿ ಲಾಂಗ್‌ಯರ್‌ಬ್ಯೇನ್ ಎಂಬ ಊರಿದೆ. ಎರಡೂವರೆ ಸಾವಿರದಷ್ಟು ಜನವಸತಿ. ಅಕ್ಟೋಬರದ ಕೊನೆಯಿಂದ ಫೆಬ್ರುವರಿಯ ನಡುಭಾಗದವರೆಗೆ ಅಲ್ಲಿ ಸೂರ್ಯನು ಹುಟ್ಟುವದಿಲ್ಲ. ಆ ಊರಿನ ಹೊರಗೆ ಹೋಗುವವರು ಹಿಮಕರಡಿಯ ಭಯದಿಂದ ಬಂದೂಕು ಒಯ್ಯುತ್ತಾರೆ. ಕಲ್ಲಿದ್ದಲ ಗಣಿಯ ಕಾಲದಿಂದ ಬಂದ ರೂಢಿಯಂತೆ ಮನೆಯೊಳಗಷ್ಟೇ ಅಲ್ಲದೆ ವಸತಿಗೃಹಗಳಲ್ಲಿಯೂ ಪಾದರಕ್ಷೆಗಳನ್ನು ಬಾಗಿಲಲ್ಲಿ ಕಳಚುತ್ತಾರೆಂಬದನ್ನು ಕೇಳಿದರೆ ನಮ್ಮವರಿಗೆ ಸಂತೋಷವಾದೀತು.

ಅಲ್ಲಿ ನಾರ್ವೆಯವರಷ್ಟೇ ಅಲ್ಲ, ಥೈಲೆಂಡ್, ಫಿಲಿಪ್ಪೀನ್ಸಿನಂಥ ಬಿಸಿಲಿನ ದೇಶಗಳಿಂದ ಹೋದ ಗಂಡಹೆಂಡಿರೂ ಇದ್ದಾರೆ. ಯಾರು ಬೇಕಾದರೂ ಹೋಗಿ ನೆಲೆಸಬಹುದು. ಆದರೆ ತನ್ನನ್ನು ತಾನು ಪೋಷಿಸಿಕೊಳ್ಳಲು ಶಕ್ತನಾಗಿರುವವರೆಗೆ ಮಾತ್ರ. ದಿನ ತುಂಬುವ ಮೊದಲೇ ಬಸುರಿಯರು ಮುಖ್ಯ ಭೂಮಿಗೆ ಹೋಗಬೇಕು. ಅಲ್ಲಿ ಹೆರಿಗೆಗೆ ಏರ್ಪಾಡಿಲ್ಲ. 1950ರಿಂದ ಅಲ್ಲಿಯ ಶ್ಮಶಾನದಲ್ಲಿ ಹೆಣ ಹೂಳುವದೂ ನಿಂತಿತು. ಗಟ್ಟಿಯಾಗಿ ಹೆಪ್ಪುಗಟ್ಟಿದ ನೆಲವು ಹೂಳಿದುದನ್ನು ಕರಗಿಸಿಕೊಳ್ಳುವದಿಲ್ಲ. ಹುಟ್ಟು ಇಲ್ಲ, ಹೂಳುವದಿಲ್ಲ. ಅಲ್ಲಿ ಎಲ್ಲರೂ ಬಂದವರೇ. ಅಂಥ ನೆಲಕ್ಕೆ ಲಿಂಗವಂತ ದಂಪತಿಗಳು ಹೋದರೆಂದು ಭಾವಿಸೋಣ. ಸೂರ್ಯೋದಯವಿಲ್ಲದ ಆ ನಾಲ್ಕು ತಿಂಗಳಲ್ಲಿಯೂ ಅವರು ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸಬಲ್ಲರು; ಯಾವ ಹಿಮವೂ ಅದನ್ನು ತಡೆಯಲಾರದು. ಪೂರ್ವಪಕ್ಷದಲ್ಲಿರುವ ಸತ್ಯ ಇಷ್ಟು. ಆದರೆ ಹಿಮಗಾಳಿಯ ರಾತ್ರಿಯಲ್ಲಿ ಗಂಡನಿಗೆ ಜ್ವರ ಬಂದರೆ ಹೆಂಡತಿ ದೀಪ ಹಿಡಿದು ಅಂಗಳದಲ್ಲಿ ನಿಲ್ಲಲೇಬೇಕು. ಲಿಂಗವು ನಮ್ಮನ್ನು ಗುಡಿಯ ಹಂಗಿನಿಂದ ಬಿಡಿಸಿತು; ನೆರೆಯವರ ಹಂಗಿನಿಂದ ಬಿಡಿಸಲಿಲ್ಲ. ಬಿಡಿಸುವದಾಗಿದ್ದರೆ ಗುರು ಲಿಂಗಗಳ ಜೊತೆಯಲ್ಲಿ ಜಂಗಮವನ್ನು ಹೇಳುವ ಕಾರಣವೇ ಇರಲಿಲ್ಲ.

ಅದೇ ಶೀತವಲಯದಲ್ಲಿ, ಕೆನಡಾದ ಉತ್ತರದಲ್ಲಿಯೂ ಗ್ರೀನ್‌ಲೆಂಡಿನಲ್ಲಿಯೂ ಬಹುಕಾಲದಿಂದ ಬಾಳಿಬಂದ ಇನ್ಯೂಟ್ ಎಂಬ ಜನರಿದ್ದಾರೆ. ಒಬ್ಬನು ಬೇಟೆಯಾಡಿ ತಂದುದು ಅವನೊಬ್ಬನದಲ್ಲ. ಮನೆಮನೆಗೆ ಪಾಲು ಹೋಗುತ್ತದೆ. ತೀರಿಹೋದ ಹಿರಿಯನ ಹೆಸರನ್ನು ಮಗುವಿಗೆ ಇಟ್ಟರೆ, ಆ ಹಿರಿಯನಿಗೆ ಇದ್ದ ನಂಟುತನಗಳೂ ಮಗುವಿಗೆ ಸಲ್ಲುತ್ತವೆ. ಅಜ್ಜಿಯು ಮೊಮ್ಮಗನನ್ನು ತನ್ನ ತಂದೆಯೆಂದು ಕರೆಯಬಹುದು. ನೆಲವು ಏನನ್ನೂ ಬೆಳೆಯದ ಕಡೆ ಅವರು ನಂಟನ್ನು ಬೆಳೆದರು. ಒಂದೇ ಹಿಮದ ಮೇಲೆ ಎರಡು ಬಗೆಯ ನೆಲೆಗಳು: ಶಕ್ತಿಯಿರುವವರೆಗೆ ಇರುವ ನೆಲೆ ಒಂದು, ಶಕ್ತಿಯಿಲ್ಲದಾಗಲೂ ಇರಿಸಿಕೊಳ್ಳುವ ನೆಲೆ ಇನ್ನೊಂದು. ಮೊದಲನೆಯದನ್ನು ಸಂಬಳದಿಂದ ಪಡೆಯಬಹುದು. ಎರಡನೆಯದು ಹಾಗೆ ದೊರೆಯುವದಿಲ್ಲ.

ಹಾಗಾದರೆ ಅದು ದೊರೆಯುವದು ಹೇಗೆ? ಬಸವಣ್ಣನವರ ಒಂದು ವಚನವನ್ನು ನಾವೆಲ್ಲರೂ ಬಾಲ್ಯದಿಂದ ಬಲ್ಲೆವು. ಇವನು ಯಾರ ಕಡೆಯವನೆಂಬ ಪ್ರಶ್ನೆ ತಮ್ಮ ವಿಷಯದಲ್ಲಿ ಏಳದಿರಲಿ, ತಮ್ಮನ್ನು ದೇವರ ಮನೆಯ ಮಗನೆಂದು ಎಣಿಸಲಿ ಎಂಬದು ಅದರ ಭಾವ. ಸಭೆಗಳಲ್ಲಿ ಇದನ್ನು ಅತಿಥಿಯನ್ನು ಆದರಿಸುವವನಿಗೆ ಹೇಳಿದ ಉಪದೇಶವೆಂಬಂತೆ ವ್ಯಾಖ್ಯಾನಿಸುತ್ತೇವೆ. ಅದು ತಪ್ಪಲ್ಲ. ಆದರೆ ಮಾತಾಡುತ್ತಿರುವವರು ಎಲ್ಲಿ ನಿಂತಿದ್ದಾರೆಂಬದನ್ನು ಗಮನಿಸಬೇಕು. ಅವರು ಮನೆಯೊಳಗೆ ಕುಳಿತು ಬಂದವನನ್ನು ಸ್ವೀಕರಿಸುತ್ತಿಲ್ಲ. ಹೊರಗೆ, ಬಾಗಿಲಲ್ಲಿ ನಿಂತು ಬೇಡುತ್ತಿದ್ದಾರೆ. ಬಾಗೇವಾಡಿಯಲ್ಲಿ ಹುಟ್ಟಿ, ಮನೆಯನ್ನು ತೊರೆದು ಸಂಗಮಕ್ಕೆ ಹೋಗಿ, ಮಂಗಳವಾಡದಿಂದ ಕಲ್ಯಾಣಕ್ಕೆ ಬಂದ ಅವರು ಜೀವಮಾನವೆಲ್ಲ ಬಂದವರಾಗಿಯೇ ಇದ್ದವರು. ದಂಡನಾಯಕನ ಪದವಿಯಲ್ಲಿದ್ದವರು ಬೇಡುವ ಸ್ಥಾನದಲ್ಲಿ ನಿಂತುಕೊಂಡರು. ಮನೆಯವನಾಗುವದಕ್ಕೆ ಬಂದವನು ಮೊದಲು ಬೇಡಬೇಕು. ತಾನು ಬೇಡುವವನೆಂದು ಒಪ್ಪಬೇಕು. ನನ್ನ ಕಾಡಿನ ಮಳೆಗಾಲದಲ್ಲಿ ನಾನು ಮಾಡದೆ ಹೋದುದು ಇದನ್ನೇ.

ಕಲ್ಯಾಣವೆಂಬದೇ ಬಂದವರ ಊರು. ಪರಂಪರೆಯು ಹೇಳುವಂತೆ ಡೋಹರ ಕಕ್ಕಯ್ಯನವರು ಮಾಳವದಿಂದ, ಅಲ್ಲಮಪ್ರಭುಗಳು ಬಳ್ಳಿಗಾವೆಯಿಂದ, ಅಕ್ಕಮಹಾದೇವಿ ಉಡುತಡಿಯಿಂದ ಅಲ್ಲಿಗೆ ಬಂದರು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣವು ಕದಡಿದಾಗ ಅದೇ ಶರಣರು ಮತ್ತೆ ನೆಲೆಗೆಟ್ಟು, ವಚನಗಳ ಕಟ್ಟುಗಳನ್ನು ಹೊತ್ತು, ನಮ್ಮ ಈ ಸೀಮೆಗೇ ಬಂದರು. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಕಕ್ಕಯ್ಯನವರ ಸಮಾಧಿಯಿದೆ; ಮಲಪ್ರಭೆಯ ದಂಡೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರದಿದೆ; ಕಾಡನ್ನು ದಾಟಿ ಮುಂದೆ ಹೋದರೆ ಉಳವಿಯಲ್ಲಿ ಚೆನ್ನಬಸವಣ್ಣನವರದು. ದಣಿದು, ನೆನೆದು, ಬೆನ್ನಟ್ಟಿಸಿಕೊಂಡು ಬಂದ ಆ ಶರಣರಿಗೆ ಈ ಕಾಡಿನ ಯಾವ ಮುದುಕಿ ಏನನ್ನು ತಂದುಕೊಟ್ಟಳೋ, ಯಾವ ನಾಲ್ವರು ಯಾರನ್ನು ಹೊತ್ತರೋ, ಯಾವ ಪುರಾಣವೂ ಅದನ್ನು ಬರೆದಿಡಲಿಲ್ಲ. ಆದರೆ ಯಾರೋ ಕೊಟ್ಟಿರಲೇಬೇಕು. ಕಾಡಿನ ಜನರ ಋಣವು ನಮ್ಮ ಮೇಲೆ ಎಂಟುನೂರು ವರ್ಷಗಳಿಂದ ಇದೆಯೆಂದೇ ನಾನು ತಿಳಿದಿದ್ದೇನೆ.

ಇನ್ನು ದಂಪತಿಗಳ ಪ್ರಶ್ನೆ. ಇದಕ್ಕೆ ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯವರಿಗಿಂತ ಹತ್ತಿರದ ದೃಷ್ಟಾಂತವಿಲ್ಲ. ಪರಂಪರೆಯಂತೆ ಅವರು ಕಾಶ್ಮೀರದ ಅರಸು-ಅರಸಿಯರು. ಹಿಮದ ನಾಡನ್ನೂ ಅರಮನೆಯನ್ನೂ ಬಿಟ್ಟು, ಭಾಷೆಯರಿಯದ ಬಿಸಿಲ ನಾಡಿಗೆ ಗಂಡಹೆಂಡಿರಿಬ್ಬರೂ ಬಂದರು. ಬಂದವರು ತಮ್ಮ ಹಿಂದಿನ ಹಿರಿಮೆಯನ್ನು ಹೇಳಿಕೊಂಡು ಕುಳಿತುಕೊಳ್ಳಲಿಲ್ಲ. ಕಾಡಿನಿಂದ ಸೌದೆಯ ಹೊರೆ ತಂದು ಮಾರುವ ಕಾಯಕವನ್ನು ಹಿಡಿದರು. ಸೌದೆಯನ್ನು ಮಾರುವವನಿಗೆ ಪ್ರತಿಯೊಂದು ಮನೆಯ ಒಲೆಯ ಬಾಯಿ ಪರಿಚಯವಾಗುತ್ತದೆ. ಒಂದು ದಿನ ಬಸವಣ್ಣನವರು ಜಂಗಮವೇಷದಿಂದ ಅವರ ಗುಡಿಸಲಿಗೆ ಹೋಗಿ ಅಂಬಲಿಯನ್ನು ಸೇವಿಸಿ, ಅವರ ಬಡತನಕ್ಕೆ ಮರುಗಿ, ಹೊನ್ನಿನ ಗಂಟುಗಳನ್ನು ಮರೆಯಾಗಿ ಇಟ್ಟುಬಂದರಂತೆ. ಮಾರಯ್ಯನವರು ಆ ಹೊನ್ನನ್ನು ಮುಟ್ಟದೆ ಜಂಗಮರಿಗೆ ಹಂಚಿಬಿಟ್ಟರು. ಉಂಡ ಅನ್ನಕ್ಕೆ ಹೊನ್ನನ್ನಿಟ್ಟುಬರುವ ತಪ್ಪು ಬಸವಣ್ಣನಂಥವರಿಂದಲೂ ಆಯಿತೆಂದು ಹೇಳಲು ಪುರಾಣಕಾರರು ಹಿಂಜರಿಯಲಿಲ್ಲ. ನಮ್ಮ ಮಾಸ್ತರನ ಐದುನೂರು ರೂಪಾಯಿಗಳ ಮರ್ಮವೂ ಇಲ್ಲಿದೆ. ಹೊತ್ತ ಹೆಗಲಿಗೆ ಕೂಲಿ ಕೊಟ್ಟರೆ ಹೊತ್ತವನು ಕೂಲಿಯಾಗುತ್ತಾನೆ, ಹೊತ್ತುಕೊಂಡವನು ಋಣಮುಕ್ತನಾಗುತ್ತಾನೆ, ನಂಟು ಅಲ್ಲಿಗೆ ತೀರುತ್ತದೆ. ಆ ನಾಲ್ವರ ಮುಖ ಬಾಡಿದ್ದು ಹಣ ಕಡಿಮೆಯಾಯಿತೆಂದಲ್ಲ. ಮಾಸ್ತರನು ನಂಟನ್ನು ತೀರಿಸಲು ಬಂದನೆಂದು.

ಸಂಸ್ಕೃತದಲ್ಲಿ 'ಭಜ್' ಎಂಬ ಧಾತುವಿಗೆ ಸೇವಿಸು ಎಂಬ ಅರ್ಥದೊಡನೆ ಹಂಚಿಕೊಳ್ಳು ಎಂಬ ಅರ್ಥವೂ ಉಂಟು. ಭಾಗ, ವಿಭಾಗ ಎಂಬ ಮಾತುಗಳು ಹುಟ್ಟಿದ ಧಾತುವಿನಿಂದಲೇ ಭಕ್ತ, ಭಕ್ತಿ ಎಂಬ ಮಾತುಗಳೂ ಹುಟ್ಟಿದವು. ಕಾರಣ, ಪಾಲು ಕೊಡುವವನಷ್ಟೇ ಭಕ್ತನಲ್ಲ. ಪಾಲು ಪಡೆಯುವವನೂ ಭಕ್ತನೇ. ಷಟ್‌ಸ್ಥಲದ ಕ್ರಮದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಮುಖ್ಯವೆಂದು ಆಚಾರ್ಯರು ವಿಧಿಸಿದ್ದಾರೆ. ಶ್ರದ್ಧೆಯಿಂದ ಕೊಡುವೆವು, ನಿಷ್ಠೆಯಿಂದ ವ್ರತವನ್ನು ಕಾಯುವೆವು. ನಮ್ಮಲ್ಲಿ ಬಹುಮಂದಿಯ ಸಾಧನೆ ಇಲ್ಲಿಗೇ ನಿಲ್ಲುತ್ತದೆ. ಮೂರನೆಯ ಮೆಟ್ಟಿಲು ಸ್ವೀಕರಿಸುವ ಮೆಟ್ಟಿಲು. ಬಂದುದು ಯಾರಿಂದ, ಯಾವ ಭಾವದಿಂದ ಬಂದಿತು ಎಂಬ ಎಚ್ಚರವೇ ಅವಧಾನ. ಅದು ಕೊಡುವದಕ್ಕಿಂತ ಕಠಿಣ. ಕೊಡುವವನು ಮೇಲಿರುತ್ತಾನೆ, ಪಡೆಯುವವನು ಕೈಯನ್ನು ಕೆಳಗೆ ಹಿಡಿಯಬೇಕು.

ಇಲ್ಲಿ ಎರಡನೆಯ ಪೂರ್ವಪಕ್ಷವು ಏಳುತ್ತದೆ. ಹಾಗಾದರೆ ಆ ಹುಡುಗಿ ಮೀನನ್ನು ಸ್ವೀಕರಿಸಬೇಕಾಗಿತ್ತೇ? ನೆರೆಯವರ ಸ್ನೇಹಕ್ಕಾಗಿ ಆಚಾರವನ್ನು ಬಿಡಬೇಕೇ? ಖಂಡಿತ ಬಿಡತಕ್ಕದ್ದಲ್ಲ. ಆದರೆ ಆಚಾರಗಳು ಐದು: ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ. ಒಂದನ್ನು ಕಾಯಲು ಹೋಗಿ ಕೊನೆಯದನ್ನು, ಎಂದರೆ ಎಲ್ಲರಿಗಿಂತ ತಾನು ಕಿರಿಯನೆಂದು ಬಾಗುವ ಭೃತ್ಯಾಚಾರವನ್ನು, ಬಾಗಿಲ ಹೊರಗೆ ನೂಕಿದರೆ ಆಚಾರವು ಪೂರ್ಣವಾಗಲಿಲ್ಲ. ಪದಾರ್ಥವನ್ನು ಬಿಡಬಹುದು, ತಂದ ಕೈಯನ್ನು ಬಿಡಲಾಗದು. ತಪ್ಪು ನಡೆದದ್ದು 'ಬೇಡ' ಎಂದುದರಲ್ಲಿ ಅಲ್ಲ, ಬಾಗಿಲನ್ನು ಮುಚ್ಚಿದುದರಲ್ಲಿ. "ಇದು ನಮಗೆ ಸಲ್ಲದು ತಾಯೀ, ಒಳಗೆ ಬಾ, ಕೂಡ್ರು, ನಿನ್ನ ಹಿತ್ತಲಿನ ನಾಲ್ಕು ಹಸಿಮೆಣಸಿನಕಾಯಿ ಕೊಡು" ಎಂದಿದ್ದರೆ ವ್ರತವೂ ಉಳಿಯುತ್ತಿತ್ತು, ಮುದುಕಿಯ ಮಾನವೂ ಉಳಿಯುತ್ತಿತ್ತು. ಹಿಮದ ನಾಡಿಗೆ ಹೋದ ಲಿಂಗವಂತರಿಗೂ ಇದೇ ಸೂತ್ರ ಸಲ್ಲುತ್ತದೆ. ಬೆಳೆ ಬೆಳೆಯದ ನೆಲದಲ್ಲಿ ಬೇಟೆಯಿಂದಲೇ ಬದುಕಿದವರನ್ನು ಹೀನರೆಂದು ಎಣಿಸುವವನು ಶುದ್ಧಾಹಾರಿಯಾಗಿದ್ದರೂ ಶುದ್ಧಮನಸ್ಕನಲ್ಲ.

ಪಡೆಯುವದಕ್ಕೂ ಒಂದು ಮಿತಿಯುಂಟೆಂಬದನ್ನು ಆಯ್ದಕ್ಕಿ ಲಕ್ಕಮ್ಮನವರು ಕಲಿಸಿದರು. ಬೇರೆ ಊರಿನಿಂದ ಕಲ್ಯಾಣಕ್ಕೆ ಬಂದ ಇನ್ನೊಂದು ಜೋಡಿ ಅವರದು. ಗಂಡನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹಿಂದಕ್ಕೆ ಕಳಿಸಿದಳು. ಬೇಕಾದಷ್ಟನ್ನು ಕೈಯೊಡ್ಡಿ ಪಡೆಯುವದು, ಬೇಡಾದುದನ್ನು ಮುಟ್ಟದಿರುವದು, ಇವೆರಡೂ ಕೂಡಿದಲ್ಲಿ ಬಂದವನು ಊರಿಗೆ ಭಾರವಾಗುವದಿಲ್ಲ, ದೂರದವನಾಗಿಯೂ ಉಳಿಯುವದಿಲ್ಲ.

ಲಕ್ಕಮ್ಮನವರ ಮಾತು ಬಂದುದರಿಂದ ಮತ್ತೊಂದನ್ನು ಹೇಳಬೇಕು. ದಸರೆಯ ರಜೆಯಲ್ಲಿ ಆ ದಂಪತಿಗಳು ಮಠಕ್ಕೆ ಬಂದಿದ್ದರು. ಗಂಡನು ಮಾತಾಡುತ್ತಲೇ ಇದ್ದನು. ಆಕೆ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, "ಇವರಿಗೆ ಸಾಲಿ ಐತ್ರೀ ಗುರುಗಳ, ನನಗ ನಾಕು ಗ್ವಾಡಿ ಅಷ್ಟ" ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಗಂಡನು ಉದ್ಯೋಗದ ಮೇಲೆ ಹೋದ ಕಡೆ ಹೆಂಡತಿಯು 'ಜೊತೆಗೆ ಬಂದವಳು' ಎನಿಸಿಕೊಳ್ಳುತ್ತಾಳೆ. ಅವನಿಗೆ ಹೋದ ದಿನವೇ ಒಂದು ಹೆಸರುಂಟು, ಅವಳಿಗೆ ಇಲ್ಲ. ದೂರದ ನಾಡುಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿಯೂ ಈ ನೋವುಂಟು. ಅದು ಪತ್ರಗಳಲ್ಲಿ ಬರುವದಿಲ್ಲ. ಮಹಾದೇವಿಯೂ ಲಕ್ಕಮ್ಮನೂ ಗಂಡನ ನೆರಳಾಗಿ ಬಂದವರಲ್ಲ. ಮಾರಯ್ಯನು ಕೈಲಾಸಕ್ಕೆ ಹಂಬಲಿಸಿದಾಗ, ಇಲ್ಲಿಯ ನೆಲೆಯನ್ನು ಅರಿಯದೆ ಬೇರೊಂದು ನೆಲೆಯನ್ನು ಬಯಸುವದೇಕೆಂದು ತಿದ್ದಿದವಳು ಮಹಾದೇವಿ. ಕಾಯಕವು ಇಬ್ಬರಿಗೂ ಇತ್ತು. ಆದುದರಿಂದ ಮಾತಿನ ಅಧಿಕಾರವೂ ಇಬ್ಬರಿಗೂ ಇತ್ತು. ಒಬ್ಬರಿಗೆ ಮಾತ್ರ ಕಾಯಕವಿದ್ದು ಇನ್ನೊಬ್ಬರಿಗೆ ಗೋಡೆಗಳಿದ್ದರೆ ಆ ಮನೆಯು ಅರ್ಧ ಮಾತ್ರ ನೆಲೆಸಿರುತ್ತದೆ. ನಾನು ಆಕೆಗೆ, ಊರಿನ ಹೆಂಗಸರಿಗೆ ಏನನ್ನಾದರೂ ಕಲಿಸಲು ಹೋಗಬೇಡ, ಮೊದಲು ಅವರಿಂದ ಏನನ್ನಾದರೂ ಕಲಿ ಎಂದು ಹೇಳಿದೆನು. ಗಂಡನಿಗೆ, ಇವಳು ಹೋಗೋಣವೆಂದು ನಿಶ್ಚಯಿಸಿದರೆ ಆ ಮಾತು ನಿನ್ನ ಮಾತಿನಷ್ಟೇ ತೂಕದ್ದೆಂದು ತಿಳಿ ಎಂದೆನು. ವರ್ಗಾವಣೆಯು ಪಾಪವಲ್ಲ. ಜಂಗಮವೆಂಬ ಹೆಸರೇ ಚಲನೆಯನ್ನು ಹೇಳುತ್ತದೆ. ಆದರೆ ಸೇರದೆಯೇ ಹೊರಟುಬರುವದು ಚಲನೆಯಲ್ಲ, ಪಲಾಯನ. ಇದನ್ನು ಅನುಭವದಿಂದ ಹೇಳುತ್ತೇನೆ.

ವಾಚಕರಲ್ಲಿ ಕೆಲವರು, ಇದು ದೂರ ಹೋದವರ ಮಾತಾಯಿತು, ಬೆಳಗಾವಿಯಲ್ಲಿ ಸ್ವಂತ ಮನೆಯಲ್ಲಿರುವ ನಮಗೇನು ಎಂದಾರು. ಭೀಮಗಡದೊಳಗಿನ ಜನರನ್ನು ಕಾಡಿನಿಂದ ಹೊರಗೆ ನೆಲೆಗೊಳಿಸುವ ಮಾತು ಬಹುದಿನದಿಂದ ನಡೆದು, 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಸರಕಾರವು ಪರಿಹಾರಧನದ ಮೊದಲ ಕಂತನ್ನು ಕೊಟ್ಟಿತು. ಕಾಡು ಉಳಿಯಬೇಕು, ಜನರಿಗೆ ಆಸ್ಪತ್ರೆ ಶಾಲೆಗಳು ದೊರೆಯಬೇಕು ಎಂಬ ಉದ್ದೇಶವು ಒಳ್ಳೆಯದಿದ್ದೀತು. ಆದರೆ ಕಾಡನ್ನು ಬಿಟ್ಟುಬಂದವರು ನಾಳೆ ನಮ್ಮ ಓಣಿಯಲ್ಲಿಯೇ ಬಾಡಿಗೆಯ ಮನೆಯನ್ನು ಕೇಳುತ್ತ ಬರುತ್ತಾರೆ. ಅವರ ಮಾತು ಬೇರೆ, ಊಟ ಬೇರೆ. ಆಗ ಬಾಗಿಲಲ್ಲಿ ನಿಂತವರು ಅವರಾಗುತ್ತಾರೆ, ಅಗಳಿಯ ಮೇಲೆ ಕೈಯಿಟ್ಟವರು ನಾವಾಗುತ್ತೇವೆ. ಈ ಗಡಿಯ ಪಟ್ಟಣದಲ್ಲಿ 'ಇವನು ಯಾರವನು' ಎಂಬ ಪ್ರಶ್ನೆಯನ್ನು ಭಾಷೆಯ ಹೆಸರಿನಿಂದ ಎಷ್ಟು ಸಲ ಕೇಳಿದ್ದೇವೆಂಬದನ್ನು ನಮ್ಮ ನಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು. ಕನ್ನಡವನ್ನು ಪ್ರೀತಿಸುವದಕ್ಕೆ ನೆರೆಯವನನ್ನು ದ್ವೇಷಿಸಬೇಕಾಗಿಲ್ಲ. ಆ ಕಾಡಿನ ಮಕ್ಕಳು ನಮ್ಮ ಮಾಸ್ತರನಿಂದ ಕನ್ನಡವನ್ನು ಕಲಿಯುತ್ತಿರುವದು ಅವನು ಅವರ ಮರಾಠಿಯನ್ನು ಕಲಿಯತೊಡಗಿದ ಮೇಲೆಯೇ.

ಪತ್ರಕ್ಕೆ ನಾನು ಕೊಟ್ಟ ಉತ್ತರವು ಚಿಕ್ಕದು. 'ಋಣವನ್ನು ತೀರಿಸಬೇಡ. ತೀರಿಸಲಾಗದ ಋಣವಿರುವ ಕಡೆಯೇ ಮನುಷ್ಯನು ನೆಲೆಸಿರುತ್ತಾನೆ. ಎಷ್ಟು ವರ್ಷವಾಯಿತೆಂದು ಎಣಿಸಬೇಡ. ಊರಿನಲ್ಲಿ ಯಾರಿಗಾದರೂ ಕಷ್ಟವಾದರೆ ಅದರ ಸುದ್ದಿ ನಿನ್ನ ಬಾಗಿಲಿಗೆ ಎಷ್ಟು ಬೇಗ ಬರುತ್ತದೆಂಬದನ್ನು ನೋಡು' ಎಂದು ಬರೆದಿದ್ದೆನು.

ಈ ಮಳೆಗಾಲದಲ್ಲಿ ಇನ್ನೊಂದು ಪತ್ರ ಬಂದಿದೆ. ಈ ಸಲ ಬರೆದವಳು ಆಕೆ. ಮುದುಕಿಯ ಮನೆಗೆ ತಾನಾಗಿಯೇ ಹೋಗಿ, "ಮಾವಶೀ, ಕಟ್ಟಿಗೆ ನೆನೆಯದಂತೆ ಒಟ್ಟುವದನ್ನು ಹೇಳಿಕೊಡು" ಎಂದು ಕೇಳಿದಳಂತೆ. ಮುದುಕಿ ಮೊದಲ ದಿನ ಮಾತಾಡಲಿಲ್ಲ, ಒಟ್ಟುವದನ್ನು ಮಾತ್ರ ತೋರಿಸಿದಳು. ಎರಡನೆಯ ದಿನ ತಪ್ಪಾಗಿ ಒಟ್ಟಿದುದಕ್ಕೆ ಬೈದಳು. ಈಗ ಆಕೆಯ ಒಲೆಗೆ ಮಳೆಗಾಲವೆಲ್ಲ ಒಣ ಕಟ್ಟಿಗೆಯಿದೆ. ಹೆಂಗಸರು ಔಷಧದ ಚೀಟಿಗಳನ್ನೂ ಅರ್ಜಿಗಳನ್ನೂ ಓದಿಸಲು ಆಕೆಯ ಬಳಿಗೆ ಬರುತ್ತಾರೆ. ವರ್ಗಾವಣೆಯ ಮಾತನ್ನು ಆಕೆ ಬರೆದಿಲ್ಲ, ನಾನೂ ಕೇಳಿಲ್ಲ. ಪತ್ರದ ಕೊನೆಯಲ್ಲಿ ಇಷ್ಟಿತ್ತು: ಹೋದ ವಾರ ದಿನ ತುಂಬಿದ ಒಬ್ಬ ಬಸುರಿಯನ್ನು ರಾತ್ರಿ ಡೋಲಿಯಲ್ಲಿ ರಸ್ತೆಗೆ ಒಯ್ದರು. ಕರೆಯಲು ಬಂದವರು ಮಾಸ್ತರನ ಬಾಗಿಲನ್ನೂ ತಟ್ಟಿದರು. ಹಳ್ಳದ ದಂಡೆಯಲ್ಲಿ ಅವನ ಬಲಹೆಗಲು ಸೋತಾಗ ಹಿಂದಿನಿಂದ ಒಬ್ಬನು, "ಮಾಸ್ತರ, ಹೆಗಲು ಬದಲಿಸು" ಎಂದನಂತೆ. ಅಲ್ಲಿಯವರೆಗೆ ಆ ಊರಿನಲ್ಲಿ ಯಾರೂ ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ.